ಒಗರಿಗೆ ಸಿಕ್ಕ ಪ್ರಮಾಣಪತ್ರ

ಔಷಧೀಯ ಮರದ ತೊಗಟೆಯನ್ನು ಒಣಗಿಸಿ, ಪುಡಿ ಮಾಡಿ, ಮೆಥನಾಲಿನಲ್ಲಿ ಸಾರ ತೆಗೆದು, ಆ ಸಾರ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆಯೆಂದೂ ಅದಕ್ಕೆ ಉತ್ಕರ್ಷಣನಿರೋಧಕ (ಆ್ಯಂಟಿಆಕ್ಸಿಡೆಂಟ್) ಗುಣವಿದೆಯೆಂದೂ ತೋರಿಸಿಬಿಟ್ಟರೆ, ಆ ಮರದ ಬಗ್ಗೆ ನಾಟಿ ವೈದ್ಯರು ಹೇಳಿಕೊಂಡು ಬಂದದ್ದೆಲ್ಲ ವೈಜ್ಞಾನಿಕವಾಗಿ ಸಾಬೀತಾಯಿತು ಎಂಬ ಅಭಿಪ್ರಾಯ ಇಂದು ಪದವಿ ತರಗತಿಯ ಕಿರುಪ್ರಬಂಧದಿಂದ ಹಿಡಿದು ಚೂರ್ಣದ ಡಬ್ಬಿಗೆ ಅಂಟಿಸಿದ ಚೀಟಿಯವರೆಗೆ ಎಲ್ಲ ಕಡೆ ಬೇರೂರಿದೆ. ಪರಂಪರೆಯನ್ನು ಗೌರವಿಸುವವರಿಗೂ ಪ್ರಯೋಗಾಲಯವನ್ನು ನಂಬುವವರಿಗೂ ಒಟ್ಟಿಗೆ ಹಿತವೆನಿಸುವ ಅಭಿಪ್ರಾಯ ಇದಾದ್ದರಿಂದ ಇದನ್ನು ಪ್ರಶ್ನಿಸುವವರು ಕಡಿಮೆ. ಆದರೆ ಈ ಎರಡು ಪರೀಕ್ಷೆಗಳು ತೊಗಟೆಯ ವಿಷಯದಲ್ಲಿ ಏನನ್ನು ಅಳೆಯುತ್ತವೆ ಎಂಬುದನ್ನು ಹತ್ತಿರದಿಂದ ನೋಡಿದರೆ, ಬಹುಪಾಲು ಮರಗಳ ತೊಗಟೆ ಅವುಗಳಲ್ಲಿ ತೇರ್ಗಡೆಯಾಗದೆ ಇರಲು ಸಾಧ್ಯವೇ ಇಲ್ಲವೆಂಬುದು ತಿಳಿಯುತ್ತದೆ. ಯಾರೂ ನಪಾಸಾಗದ ಪರೀಕ್ಷೆಯ ಫಲಿತಾಂಶವನ್ನು ಸಾಕ್ಷ್ಯವೆಂದು ಎತ್ತಿ ಹಿಡಿಯುವುದರಿಂದ ವೈದ್ಯ ಪರಂಪರೆಗೂ ಲಾಭವಿಲ್ಲ, ವಿಜ್ಞಾನಕ್ಕೂ ಲಾಭವಿಲ್ಲ.

ಹೊಸಪೇಟೆಯಿಂದ ತೋರಣಗಲ್ಲಿನ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಸಿಗುವ ಗಾದಿಗನೂರಿನಿಂದ ಸಂಡೂರಿನ ಗುಡ್ಡಸಾಲಿನವರೆಗಿನ ಸೀಮೆ ಈ ವಿಚಾರವನ್ನು ಪರಿಶೀಲಿಸಲು ತಕ್ಕ ಜಾಗವಾಗಿದೆ. 2021ರಲ್ಲಿ ಬಳ್ಳಾರಿ ಜಿಲ್ಲೆ ಒಡೆದ ಮೇಲೆ ಹೊಸಪೇಟೆಯ ಭಾಗ ವಿಜಯನಗರಕ್ಕೂ ಸಂಡೂರು ಬಳ್ಳಾರಿಗೂ ಸೇರಿಕೊಂಡಿವೆಯಾದರೂ ಗಡಿಯ ಎರಡು ಕಡೆಯ ಕಾಡಿನ ಗುಣ ಒಂದೇ: ಮಳೆ ಕಡಿಮೆ, ಬಿಸಿಲು ಹೆಚ್ಚು, ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುವ ಮರಗಳೇ ಅಧಿಕ. ಬೇವು, ಕರಿಜಾಲಿ, ಬಿಳಿಜಾಲಿ, ಕಗ್ಗಲಿ, ದಿಂಡಿಗ, ಮುತ್ತುಗ, ಇವುಗಳ ನಡುವೆ ಪೊದೆಯಾಗಿ ಬೆಳೆಯುವ ತಂಗಡಿ, ಇಂಥ ಗಿಡಮರಗಳ ಚಕ್ಕೆ ಹಲ್ಲುಜ್ಜುವುದಕ್ಕೂ ಬಾಯಿ ಮುಕ್ಕಳಿಸುವುದಕ್ಕೂ ಗಾಯ ತೊಳೆಯುವುದಕ್ಕೂ ಭೇದಿ ನಿಲ್ಲಿಸುವುದಕ್ಕೂ ತಲೆಮಾರುಗಳಿಂದ ಬಳಕೆಯಾಗಿದೆ. ಇಂಥ ಒಣನೆಲದಲ್ಲಿ ಮರಕ್ಕೆ ತೊಗಟೆಯೇ ಕೋಟೆ. ಬೆಂಕಿ, ಕೀಟ, ಶಿಲೀಂಧ್ರ, ಜಾನುವಾರುಗಳ ಹಲ್ಲು, ಎಲ್ಲವನ್ನೂ ಮೊದಲು ಎದುರಿಸುವುದು ಅದೇ ಆದ್ದರಿಂದ ಮರ ತನ್ನ ರಕ್ಷಣಾ ರಸಾಯನಗಳನ್ನು ಅಲ್ಲಿ ಧಾರಾಳವಾಗಿ ಕೂಡಿಡುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಟ್ಯಾನಿನ್, ಅಂದರೆ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಬಿಗಿಗೊಳಿಸುವ ಫೀನಾಲ್ ಜಾತಿಯ ಸಂಯುಕ್ತಗಳ ಗುಂಪು. ಜೊಲ್ಲಿನ ಪ್ರೋಟೀನನ್ನು ಹಿಡಿದು ನಾಲಿಗೆಗೆ ಒಗರು ಎನಿಸುವುದು ಈ ಟ್ಯಾನಿನ್. ಹಸಿ ತೊಗಲಿನ ಪ್ರೋಟೀನನ್ನು ಹಿಡಿದು ಅದು ಕೊಳೆಯದಂತೆ ಮಾಡುವುದೂ ಇದೇ. ತಂಗಡಿ ಮತ್ತು ಕರಿಜಾಲಿಯ ಚಕ್ಕೆಯನ್ನು ನೀರಿನಲ್ಲಿ ನೆನೆಹಾಕಿ ಅದರಲ್ಲಿ ಚರ್ಮ ಹದಮಾಡುವ ಕಸುಬು ದಕ್ಷಿಣ ಭಾರತದಲ್ಲಿ ಬಹಳ ಹಳೆಯದು. ತೊಗಟೆಯ ರಸ ಕೊಳೆತವನ್ನು ತಡೆಯುತ್ತದೆ, ಅಂದರೆ ಸೂಕ್ಷ್ಮಜೀವಿಗಳ ಕೈ ಕಟ್ಟುತ್ತದೆ ಎಂಬುದನ್ನು ಚರ್ಮದ ಕೆಲಸದವರು ಪೆಟ್ರಿ ತಟ್ಟೆ ಹುಟ್ಟುವುದಕ್ಕಿಂತ ಬಹಳ ಮೊದಲೇ ಕೈಯಾರೆ ಬಲ್ಲವರಾಗಿದ್ದರು. ಅದೇ ಸಂಗತಿ ಈಗ ಹೊಸ ಸಂಶೋಧನೆಯಾಗಿ ಪ್ರಕಟವಾಗುತ್ತಿದೆ, ಅದೂ ಅವರ ಹೆಸರಿಲ್ಲದೆ.

ಮೊದಲನೆಯ ಪರೀಕ್ಷೆಯನ್ನು ಬಿಡಿಸಿ ನೋಡಬೇಕು. ಅಗರ್ ಎಂಬ ಕಡಲಕಳೆಯ ಅಂಟಿನಿಂದ ಗಟ್ಟಿಯಾದ ಪೋಷಕ ಮಾಧ್ಯಮದ ಮೇಲೆ ಬ್ಯಾಕ್ಟೀರಿಯಾವನ್ನು ಸವರಿ, 6 ಮಿಲಿಮೀಟರ್ ಅಗಲದ ಕುಳಿ ಕೊರೆದು, ಅದರಲ್ಲಿ ಸಾರವನ್ನು ತುಂಬಿ ಒಂದು ರಾತ್ರಿ ಬೆಚ್ಚಗಿಟ್ಟರೆ, ಸಾರ ಹರಡಿದಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಒಂದು ತಿಳಿಯಾದ ವೃತ್ತ ಉಳಿಯುತ್ತದೆ. ಇದನ್ನು ತಡೆವಲಯ ಎನ್ನುತ್ತಾರೆ. ವಲಯದ ಅಗಲ 14 ಮಿಲಿಮೀಟರ್ ಎಂದು ಬರೆದರೆ ಅದರಲ್ಲಿ 6 ಕುಳಿಯದ್ದೇ ಆಗಿರುವುದರಿಂದ ನಿಜವಾದ ತಡೆ ಪ್ರತಿ ಬದಿಗೆ 4 ಮಿಲಿಮೀಟರ್ ಮಾತ್ರ. ಇದಕ್ಕಿಂತ ದೊಡ್ಡ ತೊಡಕು ಪ್ರಮಾಣದ್ದು. ಮಿಲಿಲೀಟರಿಗೆ 100 ಮಿಲಿಗ್ರಾಂ ಸಾಂದ್ರತೆಯ ಸಾರವನ್ನು 0.1 ಮಿಲಿಲೀಟರ್ ಹಾಕಿದರೆ ಕುಳಿಗೆ ಬಿದ್ದ ಸಾರ 10 ಮಿಲಿಗ್ರಾಂ. ಪಕ್ಕದಲ್ಲಿ ಹೋಲಿಕೆಗೆಂದು ಇಡುವ ಸಿಪ್ರೊಫ್ಲಾಕ್ಸಸಿನ್ ಬಿಲ್ಲೆಯಲ್ಲಿರುವ ಔಷಧಿ 5 ಮೈಕ್ರೊಗ್ರಾಂ. ಒಂದರ ತೂಕ ಇನ್ನೊಂದರ 2000 ಪಟ್ಟು. ಇಷ್ಟು ಅಂತರವಿಟ್ಟುಕೊಂಡು ಎರಡು ವೃತ್ತಗಳ ಅಗಲವನ್ನು ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಬರೆದು, ತೊಗಟೆಯ ಸಾರ ಪ್ರತಿಜೀವಕಕ್ಕೆ ಸಮೀಪವಾಗಿದೆ ಎಂದು ಹೇಳುವುದನ್ನು ಯಾವ ತಕ್ಕಡಿಯೂ ಒಪ್ಪಲಾರದು. ಅಲ್ಲದೆ ವಲಯದ ಅಗಲ ಸಾರದ ಶಕ್ತಿಯೊಂದನ್ನೇ ಅವಲಂಬಿಸಿಲ್ಲ, ಅದು ಅಗರಿನಲ್ಲಿ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನೂ ಅವಲಂಬಿಸಿದೆ. ಸಣ್ಣ ಅಣುಗಳು ದೂರ ಓಡುತ್ತವೆ, ಟ್ಯಾನಿನ್ನಿನಂಥ ದೊಡ್ಡ ಅಣುಗಳು ಕುಳಿಯ ಅಂಚಿನಲ್ಲೇ ಸಿಕ್ಕಿಕೊಳ್ಳುತ್ತವೆ. ಹೀಗಾಗಿ ಈ ವೃತ್ತ ಒಳ್ಳೆಯದನ್ನು ಮರೆಮಾಚಲೂಬಹುದು, ಕಳಪೆಯನ್ನು ಹಿಗ್ಗಿಸಿ ತೋರಿಸಲೂಬಹುದು.

ಕುಳಿಯ ಬದಲು ದ್ರವ ಮಾಧ್ಯಮದಲ್ಲಿ ಸಾರವನ್ನು ಹಂತಹಂತವಾಗಿ ತೆಳುವಾಗಿಸುತ್ತ, ಬ್ಯಾಕ್ಟೀರಿಯಾವನ್ನು ತಡೆಯಲು ಬೇಕಾದ ಅತಿ ಕಡಿಮೆ ಸಾಂದ್ರತೆಯನ್ನು ಕಂಡುಹಿಡಿಯುವ ಕ್ರಮವಿದೆ. ಇದಕ್ಕೆ ಕನಿಷ್ಠ ತಡೆ ಸಾಂದ್ರತೆ ಎಂದು ಹೆಸರು. ಕಚ್ಚಾ ಸಾರವೊಂದು ಮಿಲಿಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚಿನ ಸಾಂದ್ರತೆಯಲ್ಲಿ ಮಾತ್ರ ಕೆಲಸ ಮಾಡಿದರೆ ಅದನ್ನು ಗಮನಾರ್ಹವೆನ್ನಬಾರದು, 0.1 ಮಿಲಿಗ್ರಾಂಗಿಂತ ಕೆಳಗಿದ್ದರೆ ಕುತೂಹಲ ತಾಳಬಹುದು ಎಂಬ ಸಲಹೆಯನ್ನು ರಿಯೋಸ್ ಮತ್ತು ರೆಸಿಯೊ ಎಂಬ ಸ್ಪೇನಿನ ಸಂಶೋಧಕರು 2005ರಲ್ಲೇ ಮುಂದಿಟ್ಟರು. ಈ ಮಿತಿ ಏಕೆ ಬೇಕೆಂಬುದಕ್ಕೆ ಸರಳ ಲೆಕ್ಕ ಸಾಕು. ತಡೆ ಸಾಂದ್ರತೆ ಮಿಲಿಲೀಟರಿಗೆ 5 ಮಿಲಿಗ್ರಾಂ ಎಂದಿಟ್ಟುಕೊಂಡರೆ, ವಯಸ್ಕರ ದೇಹದಲ್ಲಿರುವ ಸುಮಾರು 5 ಲೀಟರ್ ರಕ್ತದಲ್ಲಿ ಆ ಮಟ್ಟ ಮುಟ್ಟಲು 25 ಗ್ರಾಂ ಸಾರ ಒಂದಿಷ್ಟೂ ಸೋರದೆ ರಕ್ತಕ್ಕೆ ಸೇರಬೇಕು. ನೂರು ಗ್ರಾಂ ಒಣ ಚಕ್ಕೆಯಿಂದ ಹತ್ತು ಗ್ರಾಂ ಸಾರ ಬರುತ್ತದೆಯೆಂದರೆ ಅದಕ್ಕೆ ಕಾಲು ಕಿಲೊ ಚಕ್ಕೆ ಬೇಕು. ಕಾಲು ಕಿಲೊ ಜಾಲಿ ಚಕ್ಕೆಯನ್ನು ಒಮ್ಮೆಗೇ ಕುಡಿಸುವ ವೈದ್ಯರು ಸಂಡೂರಿನಲ್ಲೂ ಇಲ್ಲ, ಕಂಪ್ಲಿಯಲ್ಲೂ ಇಲ್ಲ. ಟ್ಯಾನಿನ್ನಿನ ದೊಡ್ಡ ಅಣುಗಳು ಕರುಳಿನಿಂದ ರಕ್ತಕ್ಕೆ ಬಹಳ ಕಡಿಮೆ ಪ್ರಮಾಣದಲ್ಲಿ ಮಾತ್ರ ದಾಟುತ್ತವೆ ಎಂಬುದನ್ನು ಈ ಲೆಕ್ಕಕ್ಕೆ ಇನ್ನೂ ಸೇರಿಸಿಲ್ಲ.

ಎರಡನೆಯ ಪರೀಕ್ಷೆ ನೋಡಲು ಇನ್ನೂ ಸೊಗಸಾಗಿದೆ. ಡಿಪಿಪಿಎಚ್ ಎಂಬುದು ಜೋಡಿಯಿಲ್ಲದ ಎಲೆಕ್ಟ್ರಾನ್ ಇದ್ದರೂ ಸ್ಥಿರವಾಗಿ ಉಳಿಯುವ ಕೃತಕ ಸಂಯುಕ್ತ. ಮೆಥನಾಲಿನಲ್ಲಿ ಕರಗಿಸಿದರೆ ಕಡು ನೇರಳೆ ಬಣ್ಣ ಕೊಡುತ್ತದೆ. ಅದಕ್ಕೆ ಹೈಡ್ರೊಜನ್ನನ್ನೋ ಎಲೆಕ್ಟ್ರಾನನ್ನೋ ಒದಗಿಸುವ ಯಾವುದೇ ವಸ್ತುವನ್ನು ಬೆರೆಸಿದಾಗ ನೇರಳೆ ಕಳೆದು ಹಳದಿಯಾಗುತ್ತದೆ, ಬಣ್ಣ ಎಷ್ಟು ಕುಂದಿತೆಂಬುದನ್ನು 517 ನ್ಯಾನೊಮೀಟರ್ ತರಂಗದ ಬೆಳಕಿನಲ್ಲಿ ಅಳೆಯುತ್ತಾರೆ. 1958ರಲ್ಲಿ ಬ್ಲಾಯ್ಸ್ ಎಂಬ ವಿಜ್ಞಾನಿ ಇದನ್ನು ಸೂಚಿಸಿದಂದಿನಿಂದ ಅಗ್ಗ, ಸುಲಭ, ಅರ್ಧ ಗಂಟೆಯ ಕೆಲಸ ಎಂಬ ಕಾರಣಕ್ಕೆ ಲೋಕವೆಲ್ಲ ಹರಡಿದೆ. ಫೀನಾಲ್ ಜಾತಿಯ ಸಂಯುಕ್ತಗಳು ಹೈಡ್ರೊಜನ್ ಕೊಡುವುದರಲ್ಲಿ ಉದಾರಿಗಳು, ತೊಗಟೆಯಲ್ಲಿ ಅವು ತುಂಬಿವೆ; ಆದ್ದರಿಂದ ತೊಗಟೆ ಹಾಕಿದರೆ ಬಣ್ಣ ಹೋಗಲೇಬೇಕು. ಇದಕ್ಕೂ ಮನುಷ್ಯನ ದೇಹಕ್ಕೂ ಏನು ಸಂಬಂಧ ಎಂಬ ಪ್ರಶ್ನೆಯನ್ನು ಮಾತ್ರ ಎತ್ತುವವರು ಕಡಿಮೆ. ಮನುಷ್ಯನ ಜೀವಕೋಶದಲ್ಲಿ ಡಿಪಿಪಿಎಚ್ ಇಲ್ಲ, ಮೆಥನಾಲೂ ಇಲ್ಲ. ಆಹಾರ ಪದಾರ್ಥಗಳನ್ನು ಇಂಥದೇ ಇನ್ನೊಂದು ಪರೀಕ್ಷೆಯಿಂದ ಅಳೆದು ಅಂಕಿಗಳ ದೊಡ್ಡ ಪಟ್ಟಿ ಇಟ್ಟಿದ್ದ ಅಮೆರಿಕದ ಕೃಷಿ ಇಲಾಖೆ, ಆ ಅಂಕಿಗಳಿಗೂ ಆರೋಗ್ಯಕ್ಕೂ ನೇರ ನಂಟಿರುವುದಕ್ಕೆ ಆಧಾರವಿಲ್ಲವೆಂದೂ ವ್ಯಾಪಾರಿಗಳು ಅವನ್ನು ದುರುಪಯೋಗ ಮಾಡುತ್ತಿದ್ದಾರೆಂದೂ ಹೇಳಿ 2012ರಲ್ಲಿ ಇಡೀ ಪಟ್ಟಿಯನ್ನೇ ತೆಗೆದುಹಾಕಿತು. ಉತ್ಕರ್ಷಣನಿರೋಧಕವೆಂದು ಹೆಸರಾದ ಬೀಟಾ ಕೆರೋಟಿನನ್ನು ಫಿನ್ಲೆಂಡಿನ ಧೂಮಪಾನಿ ಗಂಡಸರಿಗೆ ವರ್ಷಗಟ್ಟಲೆ ಕೊಟ್ಟು ನೋಡಿದ ಅಧ್ಯಯನದ ಫಲಿತಾಂಶ 1994ರಲ್ಲಿ ಹೊರಬಂದಾಗ, ಅದನ್ನು ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಾಗಿತ್ತು.

ಕನ್ನಡ ಓದುಗರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಅಡಿಕೆ. ಟ್ಯಾನಿನ್ ತುಂಬಿದ ಅಡಿಕೆಯ ಸಾರ ಡಿಪಿಪಿಎಚ್ ಬಣ್ಣವನ್ನು ಚೆನ್ನಾಗಿ ಕಳೆಯುತ್ತದೆ, ಕೆಲವು ಬ್ಯಾಕ್ಟೀರಿಯಾಗಳನ್ನೂ ತಡೆಯುತ್ತದೆ. ಎರಡು ಪರೀಕ್ಷೆಗಳಲ್ಲೂ ಅದು ತೇರ್ಗಡೆ. ಅದೇ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಮನುಷ್ಯರಲ್ಲಿ ಕ್ಯಾನ್ಸರ್ ತರುವುದೆಂದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿ 2004ರಲ್ಲಿ ವಿವರವಾದ ಗ್ರಂಥ ಪ್ರಕಟಿಸಿತು. ಸುಣ್ಣದೊಂದಿಗೆ ಅಗಿದಾಗ ಬಾಯಿಯ ಕ್ಷಾರತೆ ಏರಿ, ಅಡಿಕೆಯ ಫೀನಾಲುಗಳು ತಾವೇ ಉತ್ಕರ್ಷಣಗೊಂಡು, ಯಾವುದನ್ನು ತಡೆಯುತ್ತವೆಂದು ಪರೀಕ್ಷೆ ಹೇಳಿತೋ ಅಂಥ ಹಾನಿಕರ ಆಮ್ಲಜನಕ ರೂಪಗಳನ್ನೇ ಹುಟ್ಟಿಸುತ್ತವೆ. ಒಂದೇ ಅಣು ಪರೀಕ್ಷಾನಳಿಕೆಯಲ್ಲಿ ಕಾವಲುಗಾರ, ಬಾಯಿಯಲ್ಲಿ ಕಳ್ಳ.

ಇಲ್ಲಿಂದ ಇನ್ನೊಂದು ಮುಜುಗರದ ಸಂಗತಿಗೆ ದಾರಿ ತೆರೆಯುತ್ತದೆ. ಇಂಥ ಫೀನಾಲುಗಳನ್ನು ಜೀವಕೋಶ ಬೆಳೆಸುವ ಮಾಧ್ಯಮಗಳಿಗೆ ಹಾಕಿದಾಗ ಅವು ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಿ ಹೈಡ್ರೊಜನ್ ಪೆರಾಕ್ಸೈಡ್ ಉಂಟುಮಾಡುತ್ತವೆ ಎಂದು ಹ್ಯಾಲಿವೆಲ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದ್ದಾರೆ. ಗಾಯ ತೊಳೆಯಲು ಔಷಧಿ ಅಂಗಡಿಯಲ್ಲಿ ಸಿಗುವ ಕ್ರಿಮಿನಾಶಕ ದ್ರವದಲ್ಲಿರುವುದು ಇದೇ ಪೆರಾಕ್ಸೈಡ್. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸತ್ತದ್ದು ಹೀಗೆ ಹುಟ್ಟಿದ ಉತ್ಕರ್ಷಕದಿಂದಲೇ ಆಗಿದ್ದರೆ, ಒಂದೇ ಪ್ರಬಂಧದ ಮೊದಲ ಕೋಷ್ಟಕ ಎರಡನೆಯ ಕೋಷ್ಟಕವನ್ನು ಅಲ್ಲಗಳೆಯುತ್ತದೆ: ಉತ್ಕರ್ಷಣವನ್ನು ಉಂಟುಮಾಡಿ ಕೊಂದ ವಸ್ತುವಿಗೆ ಉತ್ಕರ್ಷಣನಿರೋಧಕವೆಂಬ ಬಿರುದು ಸಿಕ್ಕಿರುತ್ತದೆ. ಮಾಧ್ಯಮಕ್ಕೆ ಕೆಟಲೇಸ್ ಎಂಬ ಪೆರಾಕ್ಸೈಡ್ ಒಡೆಯುವ ಕಿಣ್ವವನ್ನು ಸೇರಿಸಿ ಪರೀಕ್ಷೆಯನ್ನು ಮರಳಿ ಮಾಡಿದರೆ ಈ ಶಂಕೆ ಬಗೆಹರಿಯುತ್ತದೆ, ಆದರೆ ಆ ಒಂದು ಹೆಜ್ಜೆ ಇಡುವವರು ವಿರಳ.

ಒಗರು ಮತ್ತು ಕಹಿಯನ್ನೇ ಔಷಧಿಯ ಗುರುತೆಂದು ನಂಬಿ ಮೋಸಹೋದದ್ದು ಇದೇ ಮೊದಲಲ್ಲ. ದಖ್ಖನಿನ ಒಣಕಾಡುಗಳಲ್ಲಿ ಸೋಮಿ ಎಂದು ಕರೆಯುವ, ಬೇವಿನ ಕುಟುಂಬಕ್ಕೆ ಸೇರಿದ, ಕೆಂಪು ದಾರುವಿನ ಮರವಿದೆ; ಸಸ್ಯಶಾಸ್ತ್ರದಲ್ಲಿ ಸೋಯ್ಮಿಡಾ ಫೆಬ್ರಿಫ್ಯೂಗಾ. ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞ ವಿಲಿಯಂ ರಾಕ್ಸ್‌ಬರ್ಗ್ 1790ರ ದಶಕದಲ್ಲಿ ಇದರ ತೊಗಟೆ ದಕ್ಷಿಣ ಅಮೆರಿಕದಿಂದ ಬರುತ್ತಿದ್ದ ದುಬಾರಿ ಸಿಂಕೋನಾ ತೊಗಟೆಗೆ ಬದಲಿಯಾಗಬಲ್ಲದೆಂದು ಪ್ರಚಾರ ಮಾಡಿ, 1795ರ ತನ್ನ ಕೋರಮಂಡಲ ಸಸ್ಯಗಳ ಗ್ರಂಥದಲ್ಲಿ ಚಿತ್ರಸಮೇತ ವಿವರಿಸಿದ. ಕಹಿಯಲ್ಲೂ ಒಗರಿನಲ್ಲೂ ಅದು ಸಿಂಕೋನಾಕ್ಕೆ ಬಿಟ್ಟುಕೊಡುವಂತಿರಲಿಲ್ಲ, ಚರ್ಮ ಹದಮಾಡುವ ಶಕ್ತಿಯೂ ಅದರಲ್ಲಿತ್ತು. ಅಂದಿನ ಅಳತೆಗೋಲುಗಳಲ್ಲಿ ಅದು ಗೆದ್ದ ತೊಗಟೆ. ಆದರೆ 1820ರಲ್ಲಿ ಪೆಲ್ಟಿಯೇ ಮತ್ತು ಕಾವೆಂತು ಎಂಬ ಫ್ರೆಂಚ್ ರಸಾಯನಜ್ಞರು ಸಿಂಕೋನಾದಿಂದ ಕ್ವಿನೈನನ್ನು ಬೇರ್ಪಡಿಸಿದ ಮೇಲೆ ಮಲೇರಿಯಾವನ್ನು ಹಿಡಿಯುವುದು ಒಗರಲ್ಲ, ಆ ಒಂದು ಕ್ಷಾರಾಭ (ಆಲ್ಕಲಾಯ್ಡ್) ಎಂಬುದು ಸ್ಪಷ್ಟವಾಯಿತು, ಸಿಂಕೋನಾ ತೊಗಟೆಯ ಬೆಲೆಯನ್ನು ಅದರಲ್ಲಿರುವ ಕ್ವಿನೈನಿನ ಅಂಶದಿಂದ ನಿಗದಿ ಮಾಡುವ ಕಾಲ ಬಂತು. ಕ್ವಿನೈನ್ ಇಲ್ಲದ ಸೋಮಿ ಹಿಂದೆ ಸರಿಯಿತು. ಅಂದು ನಾಲಿಗೆ ಮಾಡಿದ ತಪ್ಪನ್ನೇ ಇಂದು ವರ್ಣಮಾಪಕ ಯಂತ್ರ ಮಾಡುತ್ತಿದೆ. ಎರಡೂ ಅಳೆಯುವುದು ಹೆಚ್ಚುಕಡಿಮೆ ಅದೇ ಫೀನಾಲುಗಳನ್ನು.

ಈ ಟೀಕೆಗೆ ಸಾಮಾನ್ಯವಾಗಿ ಬರುವ ಉತ್ತರವೆಂದರೆ, ಇವು ಪ್ರಾಥಮಿಕ ಪರೀಕ್ಷೆಗಳು, ಮುಂದಿನ ಹೆಜ್ಜೆಗೆ ಮೆಟ್ಟಿಲು, ಸೌಲಭ್ಯ ಕಡಿಮೆಯಿರುವ ಕಾಲೇಜುಗಳು ಇಷ್ಟನ್ನಾದರೂ ಮಾಡಲಿ ಎಂಬುದು. ಈ ಮಾತಿನಲ್ಲಿ ಅರ್ಧ ನ್ಯಾಯವಿದೆ. ವಿದ್ಯಾರ್ಥಿಗಳು ಕೈಪಳಗಿಸಿಕೊಳ್ಳಲು ಇವು ಒಳ್ಳೆಯ ಅಭ್ಯಾಸಗಳೇ. ಆದರೆ ಜರಡಿಯ ಕೆಲಸ ಕಾಳನ್ನೂ ಜಳ್ಳನ್ನೂ ಬೇರ್ಪಡಿಸುವುದು. ಹಾಕಿದ್ದೆಲ್ಲವನ್ನೂ ಮೇಲೆಯೇ ಉಳಿಸಿಕೊಳ್ಳುವುದನ್ನು ಪ್ರಾಥಮಿಕ ಜರಡಿ ಎಂದೂ ಕರೆಯಲಾಗದು. ಸೌಲಭ್ಯದ ಕೊರತೆ ಎಂಬ ಮಾತೂ ಪೂರ್ತಿ ನಿಲ್ಲುವುದಿಲ್ಲ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸಂಡೂರಿನ ನಂದಿಹಳ್ಳಿಯಲ್ಲೇ ಸ್ನಾತಕೋತ್ತರ ಕೇಂದ್ರವಿದೆ, ಬಳ್ಳಾರಿಯಲ್ಲಿ ತಾರಾನಾಥರ ಹೆಸರಿನ ಆಯುರ್ವೇದ ಕಾಲೇಜಿದೆ. ಸಸ್ಯವನ್ನು ಬಲ್ಲವರೂ ಕಷಾಯವನ್ನು ಬಲ್ಲವರೂ ಒಂದೇ ಸೀಮೆಯಲ್ಲಿದ್ದಾರೆ. ನಿಜವಾಗಿ ಬೇಕಾಗಿರುವ ಹೆಜ್ಜೆಗಳಿಗೆ ಕೋಟಿ ರೂಪಾಯಿಯ ಯಂತ್ರ ಬೇಕಿಲ್ಲ. ಸಾರಕ್ಕೆ ಜೆಲಾಟಿನ್ ಬೆರೆಸಿದರೆ ಟ್ಯಾನಿನ್ ಗರಣೆಗಟ್ಟಿ ಕೆಳಗಿಳಿಯುತ್ತದೆ; ಅದನ್ನು ಸೋಸಿ ತೆಗೆದ ಮೇಲೂ ತಡೆಶಕ್ತಿ ಉಳಿದಿದೆಯೇ ಎಂದು ನೋಡಿದರೆ, ಆ ಮರದಲ್ಲಿ ಒಗರನ್ನು ಮೀರಿದ ಏನಾದರೂ ಇದೆಯೇ ಎಂಬುದಕ್ಕೆ ಒಂದೆರಡು ದಿನದಲ್ಲಿ ಸುಳಿವು ಸಿಗುತ್ತದೆ. ಇನ್ನೊಂದು ಹೆಜ್ಜೆ ಇದಕ್ಕಿಂತಲೂ ಅಗ್ಗ: ವೈದ್ಯರು ಬಳಸುವ ಐದು ಮರಗಳ ಜೊತೆಗೆ, ಅದೇ ಗುಡ್ಡದಲ್ಲಿದ್ದೂ ಯಾವ ವೈದ್ಯರೂ ಮುಟ್ಟದ ಐದು ಮರಗಳ ತೊಗಟೆಯನ್ನು ಹೆಸರು ಮರೆಮಾಚಿ ಒಂದೇ ಕ್ರಮದಲ್ಲಿ ಪರೀಕ್ಷಿಸುವುದು. ಎರಡು ಗುಂಪುಗಳ ಫಲಿತಾಂಶ ಒಂದೇ ರೀತಿ ಬಂದರೆ, ಪರೀಕ್ಷೆಗೆ ವೈದ್ಯರ ಆಯ್ಕೆಯ ಬಗ್ಗೆ ಹೇಳಲು ಏನೂ ಇಲ್ಲವೆಂದೇ ಅರ್ಥ. ಪರಂಪರೆ ಸಾಬೀತಾಯಿತು ಎಂದು ಬರೆಯುವ ಮೊದಲು ಈ ಹೋಲಿಕೆ ಇರಲೇಬೇಕಿತ್ತು.

ಇಂಥ ಪರೀಕ್ಷೆಗಳನ್ನು ಟೀಕಿಸುವುದು ನಾಟಿ ವೈದ್ಯವನ್ನು ಹೀಗಳೆದಂತೆ ಎಂಬ ಆಕ್ಷೇಪವೂ ಇದೆ. ವಸ್ತುಸ್ಥಿತಿ ಇದಕ್ಕೆ ತಿರುಗುಮುರುಗಾಗಿದೆ. ವೈದ್ಯರು ಹೇಳುವುದು ಯಾವ ಮರದ, ಯಾವ ಕಾಲದಲ್ಲಿ ಕೆತ್ತಿದ ಚಕ್ಕೆಯನ್ನು, ನೀರಿನಲ್ಲಿ ಎಷ್ಟು ಕುದಿಸಿ, ಯಾವ ಬೇನೆಗೆ, ಎಷ್ಟು ದಿನ ಕೊಡಬೇಕು ಎಂಬುದನ್ನು. ಪ್ರಯೋಗಾಲಯ ನೀರನ್ನು ಬಿಟ್ಟು ಮೆಥನಾಲ್ ಹಾಕಿ, ಬೇನೆಯನ್ನು ಬಿಟ್ಟು ಫ್ರಿಜ್ಜಿನಲ್ಲಿದ್ದ ಬ್ಯಾಕ್ಟೀರಿಯಾವನ್ನು ಹಿಡಿದು, ಬೇರೆಯೇ ಪ್ರಶ್ನೆಗೆ ಉತ್ತರ ಕೊಟ್ಟು, ಅದನ್ನು ವೈದ್ಯರ ಮಾತಿಗೆ ಕೊಟ್ಟ ಮನ್ನಣೆ ಎಂದು ಕರೆಯುತ್ತದೆ. ತಯಾರಿಕೆಯ ಕ್ರಮವನ್ನು ಗಂಭೀರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ತೂ ಯೂಯೂ ಸಾಕ್ಷಿ: ಗಿಡವನ್ನು ತಣ್ಣೀರಿನಲ್ಲಿ ನೆನೆಸಿ ಹಿಂಡಬೇಕೆಂಬ ಹಳೆಯ ಗ್ರಂಥದ ಸೂಚನೆಯಿಂದ ಬಿಸಿ ಮಾಡಿದರೆ ಗುಣ ಕೆಡುತ್ತದೆಂದು ಊಹಿಸಿ, ಕಡಿಮೆ ಉಷ್ಣತೆಯಲ್ಲಿ ಸಾರ ತೆಗೆದು, ಮಲೇರಿಯಾ ತಗುಲಿದ ಪ್ರಾಣಿಗಳಲ್ಲಿ ಪರೀಕ್ಷಿಸಿ ಆರ್ಟೆಮಿಸಿನಿನ್ ಕಂಡುಕೊಂಡ ಅವರಿಗೆ 2015ರಲ್ಲಿ ನೊಬೆಲ್ ಬಂತು. ಕರ್ನಾಟಕದಲ್ಲಿ ಭೇದಿಗೆ ಬಳಸುವ ಕೊಡಸಿಗದ ತೊಗಟೆಯೂ ಇಂಥದೇ ಎಚ್ಚರದ ಪ್ರಶ್ನೆಗೆ ತಕ್ಕದ್ದು. ಅದರಲ್ಲಿ ಒಗರಿನ ಜೊತೆಗೆ ಕೊನೆಸಿನ್ ಎಂಬ ಕ್ಷಾರಾಭವಿದೆ, ಬೇನೆ ಕರುಳಿನಲ್ಲೇ ಇರುವುದರಿಂದ ಔಷಧಿ ರಕ್ತಕ್ಕೆ ಸೇರಬೇಕಾದ ಅಗತ್ಯವೂ ಇಲ್ಲ. ವಸಡಿಗೆ ಜಾಲಿ ಚಕ್ಕೆಯ ಕಷಾಯ ಮುಕ್ಕಳಿಸುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ: ಅಲ್ಲಿ ಒಗರೇ ಔಷಧಿ, ಬಾಯಿಯಲ್ಲಿ ಸಾಂದ್ರತೆಯೂ ಸಾಕಷ್ಟಿರುತ್ತದೆ, ರಕ್ತ ಸೋರುವುದು ನಿಂತಿತೇ ಎಂದು ನೋಡಿದರೆ ಉತ್ತರ ಸಿಗುತ್ತದೆ, ಡಿಪಿಪಿಎಚ್ಚಿಗೆ ಅಲ್ಲಿ ಕೆಲಸವೇ ಇಲ್ಲ.

ಗಾದಿಗನೂರು–ಸಂಡೂರು ಸೀಮೆಗೇ ವಿಶೇಷವಾದ ಇನ್ನೊಂದು ಸಂಗತಿಯನ್ನು ಬಿಡುವಂತಿಲ್ಲ. ಅಕ್ರಮ ಗಣಿಗಾರಿಕೆಯ ಕಾರಣಕ್ಕೆ ಸುಪ್ರೀಂ ಕೋರ್ಟ್ 2011ರಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿ ಮುಂದೆ ಕಟ್ಟುಪಾಡಿನೊಂದಿಗೆ ಮತ್ತೆ ತೆರೆಯಲು ಬಿಟ್ಟ ಈ ನಾಡಿನಲ್ಲಿ, ಅದಿರು ಲಾರಿಗಳ ದಾರಿಯ ಮರಗಳು ಕೆಂಧೂಳು ಹೊದ್ದು ನಿಲ್ಲುತ್ತವೆ, ಒರಟು ತೊಗಟೆಯ ಸೀಳುಗಳಲ್ಲಿ ಆ ಧೂಳು ಕೂತಿರುತ್ತದೆ. ಇಂಥ ಚಕ್ಕೆಯನ್ನು ಪರೀಕ್ಷಿಸುವವರು ಮೊದಲು ಅದನ್ನು ಸುಟ್ಟು ಬೂದಿಯ ತೂಕ ನೋಡಬೇಕು, ಆ ಬೂದಿಯನ್ನು ಆಮ್ಲದಲ್ಲಿ ಕುದಿಸಿ ಕರಗದೆ ಉಳಿದ ಭಾಗವೆಷ್ಟೆಂದು ಅಳೆಯಬೇಕು. ಮಣ್ಣುಮರಳು ಎಷ್ಟು ಬೆರೆತಿದೆ ಎಂಬುದನ್ನು ಹೇಳುವ ಈ ಅಳತೆ ಭಾರತದ ಆಯುರ್ವೇದ ಔಷಧಕೋಶದಲ್ಲೇ ಇದೆ. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸಗಳಿಗೂ ಮಿತಿಗಳಿವೆ, ಸೀಸಕ್ಕೆ ಹತ್ತು ಲಕ್ಷದಲ್ಲಿ 10 ಪಾಲು. ತೊಗಟೆ ಯಾವ ಮರದ್ದೆಂಬ ಗುರುತೂ ಅಷ್ಟೇ ಮುಖ್ಯ: ಅಶೋಕದ ತೊಗಟೆಯ ಹೆಸರಿನಲ್ಲಿ ರಸ್ತೆಬದಿಯ ಕಂಬದ ಅಶೋಕದ ತೊಗಟೆ ಮಾರಾಟವಾಗುವುದು ಗಿಡಮೂಲಿಕೆ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ ಕಲಬೆರಕೆ, ಆದರೂ ಎರಡೂ ಡಿಪಿಪಿಎಚ್ಚಿನ ಬಣ್ಣ ಕಳೆಯುತ್ತವೆ.

ಕೊನೆಗೆ ಮರದ ಮಾತು. ಎಲೆ ಕಿತ್ತರೆ ಚಿಗುರುತ್ತದೆ, ಹಣ್ಣು ಆರಿಸಿದರೆ ಮತ್ತೆ ಬಿಡುತ್ತದೆ; ಕಾಂಡದ ಸುತ್ತ ತೊಗಟೆ ಸುಲಿದರೆ, ಎಲೆಯಲ್ಲಿ ತಯಾರಾದ ಆಹಾರವನ್ನು ಬೇರಿಗೆ ಇಳಿಸುವ ಪದರವೇ ಹೋಗಿ, ಬೇರು ಹಸಿದು ಮರ ನಿಂತಲ್ಲೇ ಒಣಗುತ್ತದೆ. ಸಂಶೋಧಕರು ಒಯ್ಯುವುದು ಒಂದೆರಡು ಕಿಲೊ ಆದರೂ, ಅವರ ಪ್ರಬಂಧದ ಕೊನೆಯ ಸಾಲನ್ನು ಹಿಡಿದು ಬರುವ ವ್ಯಾಪಾರ ಒಯ್ಯುವುದು ಲೋಡುಗಟ್ಟಲೆ. ಕರ್ನಾಟಕದ ಅರಣ್ಯ ಇಲಾಖೆ ಮತ್ತು ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಸೇರಿ ಗುರುತಿಸಿದ ಔಷಧೀಯ ಸಸ್ಯ ಸಂರಕ್ಷಣಾ ಪ್ರದೇಶಗಳಲ್ಲಿ ಸಂಡೂರೂ ಒಂದು. ಅಂಥ ಕಾಡಿನ ಅಂಚಿನಲ್ಲಿ ಕುಳಿತು ಯಾವ ತೊಗಟೆಗೂ ಸುಲಭವಾಗಿ ಪ್ರಮಾಣಪತ್ರ ಹಂಚುವುದು ನಿರಪಾಯದ ಕೆಲಸವಲ್ಲ. ಅಮೆರಿಕದ ಪೆಸಿಫಿಕ್ ಯೂ ಮರದ ತೊಗಟೆಯಿಂದ ವಾಲ್ ಮತ್ತು ವಾನಿ 1971ರಲ್ಲಿ ಗುರುತಿಸಿದ ಟ್ಯಾಕ್ಸಾಲ್ ಕ್ಯಾನ್ಸರಿಗೆ ನಿಜವಾದ ಔಷಧಿಯೆಂದು ಸಾಬೀತಾದಾಗಲೂ, ಒಬ್ಬ ರೋಗಿಗೆ ಹಲವು ಹಳೆಯ ಮರಗಳನ್ನು ಬಲಿಕೊಡಬೇಕಾದ ಸ್ಥಿತಿ ಬಂದು, ಕಡೆಗೆ ಯುರೋಪಿನ ಯೂ ಮರದ ಎಲೆಗಳಲ್ಲಿ ಸಿಗುವ ಸಂಯುಕ್ತವೊಂದರಿಂದ ಅದನ್ನು ತಯಾರಿಸುವ ದಾರಿ ಕಂಡುಕೊಂಡ ಮೇಲೆಯೇ ಔಷಧಿಯೂ ಮರವೂ ಉಳಿದವು. ಸಂಡೂರಿನ ಗುಡ್ಡದಲ್ಲಿ ದಿಂಡಿಗದ್ದೋ ಜಾಲಿಯದ್ದೋ ತೊಗಟೆಯನ್ನು ಪರೀಕ್ಷೆಗೆ ತರುವವರು, ಅದೇ ಮರದ ಎಲೆಯನ್ನೂ ಬೆರಳು ದಪ್ಪದ ಕೊಂಬೆಯ ತೊಗಟೆಯನ್ನೂ ಜೊತೆಗಿಟ್ಟು, ಕಾಂಡದ ಚಕ್ಕೆಯಲ್ಲಿರುವುದು ಅಲ್ಲಿಯೂ ಸಿಗುತ್ತದೆಯೇ ಎಂದು ಮೊದಲು ನೋಡಬಹುದು. ಸಿಕ್ಕರೆ ಕಾಂಡಕ್ಕೆ ಕೊಡಲಿ ತಾಗಿಸುವ ಅಗತ್ಯವೇ ಬೀಳುವುದಿಲ್ಲ.